ಮಗಳ ಪದವಿಗೆ ಹಣ ಹಾಕಬೇಕೇ?

ತೊಗರಿ ಮಾರಿದ ದುಡ್ಡು ಕೈಗೆ ಬಂದಿದೆ, ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. "ಡಿಗ್ರಿ ಮಾಡಿದವರೇ ಖಾಲಿ ಕುಂತಾರ, ಇಕಿಗಿ ಓದಿಸಿ ಏನ್ ಮಾಡ್ತಿ ಯವ್ವಾ?" ಎಂದು ಚಿಂಚೋಳಿಯ ನೆರೆಮನೆಯಾಕೆ ಕೇಳಿದರೆ, ಸೋದರಿ, ನೀವು ಏನೆನ್ನುವಿರಿ?

ಆಕೆಯ ಮಾತು ಪೂರಾ ಸುಳ್ಳಲ್ಲ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಕೊಡಲು ಸರ್ಕಾರ 2023ರಲ್ಲಿ ಯುವನಿಧಿ ಯೋಜನೆಯನ್ನೇ ತರಬೇಕಾಯಿತಲ್ಲ!

ಆದರೆ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಉಂಟು. 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು ಮೀಸಲಾಗಿದೆ: 'ಎ', 'ಬಿ' ದರ್ಜೆಗಳಲ್ಲಿ ನೂರಕ್ಕೆ 75, 'ಸಿ' ದರ್ಜೆಯಲ್ಲಿ 80. ಮೇಲಿನ ದರ್ಜೆಗೆ ಏರಲು ಸಾಮಾನ್ಯವಾಗಿ ಪದವಿಯೇ ಮೆಟ್ಟಿಲು. ಕಾಲೇಜಿಗೆ ಹೋಗಿಬರುವ ಖರ್ಚೂ ಇಳಿದಿದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ.

ಹಾಗಾದರೆ ಮಾಡುವುದೇನು? ಹತ್ತಿರದ ಸರ್ಕಾರಿ ಕಾಲೇಜನ್ನೇ ಮೊದಲು ನೋಡಿ. ಸಾಲ ಮಾಡಿ ದೂರದ ದುಬಾರಿ ಕಾಲೇಜಿಗೆ ಸೇರಿಸಬೇಡಿ. ಸ್ಥಳೀಯ ಅರ್ಹತಾ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. ಪಾಠದ ಜೊತೆಗೇ ಸ್ಪರ್ಧಾ ಪರೀಕ್ಷೆಗೂ ಓದಲಿ, ಕಂಪ್ಯೂಟರನ್ನೂ ಕಲಿಯಲಿ.

ಬರಿಯ ಪದವಿ ಕೆಲಸ ಕೊಡದು, ನಿಜ. ಆದರೆ ಮದುವೆಗೆಂದು ಕೂಡಿಟ್ಟ ಬಂಗಾರ ಕಷ್ಟಕಾಲದಲ್ಲಿ ಗಿರವಿಗೆ ಹೋಗುತ್ತದೆ. ಕಲಿತ ವಿದ್ಯೆ ಆಕೆಯ ಕೈಯಲ್ಲೇ ಉಳಿಯುತ್ತದೆ, ಅಲ್ಲವೇ?