ಪಾಸಿಟಿವ್ ಅಂದರೆ ಏನು?

ಬನಶಂಕರಿಯ ನಮ್ಮ ಸಂಜೆ ತರಗತಿಗೆ ಒಬ್ಬ ಅಕ್ಕ ಬರುತ್ತಾರೆ. ಜಯನಗರದಲ್ಲಿ ಮೂರು ಮನೆ ಕೆಲಸ ಮುಗಿಸಿ ಬರುತ್ತಾರೆ. ಒಂದು ದಿನ ಅವರ ಮುಖ ಬಾಡಿತ್ತು. ಪುಸ್ತಕ ತೆಗೆಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟರು.

"ಟೀಚರಮ್ಮ, ಮಗಳ ರಕ್ತ ಪರೀಕ್ಷೆ ಮಾಡಿಸಿದ್ವಿ. ಪಾಸಿಟಿವ್ ಅಂತ ಬಂದೈತೆ. ಎರಡು ದಿನದಿಂದ ನಿದ್ದೆ ಇಲ್ಲ."

ಏಡ್ಸ್ ಅಂದುಕೊಂಡಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು. ಪಕ್ಕದ ಮನೆ ಹುಡುಗ ಓದಿ ಹೇಳಿದ್ದನಂತೆ. ನಾನು ನೋಡಿದೆ. 'ಬಿ ಪಾಸಿಟಿವ್' ಅಂತಿತ್ತು. ಅದು ಕಾಯಿಲೆಯಲ್ಲ, ರಕ್ತದ ಗುಂಪು!

ಅಕ್ಕನನ್ನು ನೋಡಿ ನಗುವ ಹಾಗಿಲ್ಲ. ಈ ಒಂದು ಪದ ಎಷ್ಟು ಕಡೆ ಓಡಾಡುತ್ತದೆ ನೋಡಿ. ಟಾರ್ಚಿನ ಸೆಲ್ಲಿಗೆ ಮೂತಿ ಇರುವ ತುದಿ ಪಾಸಿಟಿವ್, ಚಪ್ಪಟೆ ತುದಿ ನೆಗೆಟಿವ್. ಅಲ್ಲಿ ಒಂದು ಒಳ್ಳೇದು, ಇನ್ನೊಂದು ಕೆಟ್ಟದ್ದು ಅಂತಿಲ್ಲ. ಎರಡೂ ಇದ್ದರೇ ದೀಪ ಹತ್ತುವುದು. "ಪಾಸಿಟಿವ್ ಆಗಿ ಯೋಚನೆ ಮಾಡಿ" ಅಂದರೆ ಭರವಸೆ ಇಟ್ಟುಕೊಳ್ಳಿ ಅಂತ ಅರ್ಥ. 2020ರಲ್ಲಿ ಕೊರೋನಾ ಬಂದಾಗ ಇದೇ ಪದಕ್ಕೆ ಬೀದಿಗೆ ಬೀದಿಯೇ ಹೆದರಿತು.

ಪರೀಕ್ಷೆಯ ಚೀಟಿಯಲ್ಲಿ ಪಾಸಿಟಿವ್ ಅಂದರೆ, ಹುಡುಕಿದ್ದು ಸಿಕ್ಕಿತು. ನೆಗೆಟಿವ್ ಅಂದರೆ ಸಿಗಲಿಲ್ಲ. ಅಷ್ಟೇ. ಏನು ಹುಡುಕಿದರು ಅಂತ ಕೇಳಬೇಕು. ಕಫದಲ್ಲಿ ಕ್ಷಯದ ರೋಗಾಣು ಸಿಕ್ಕರೆ ಔಷಧಿ ಶುರು ಮಾಡಬೇಕು. ಮೂತ್ರದ ಪರೀಕ್ಷೆಯಲ್ಲಿ ಬಸಿರು ಅಂತ ಗೊತ್ತಾದರೆ ಎಷ್ಟೋ ಮನೆಗಳಲ್ಲಿ ಪಾಯಸ! ಎಚ್‌ಐವಿ ಪರೀಕ್ಷೆಯ ಎಷ್ಟೋ ಚೀಟಿಗಳಲ್ಲಿ 'ರಿಯಾಕ್ಟಿವ್', 'ನಾನ್ ರಿಯಾಕ್ಟಿವ್' ಅಂತ ಬರೆದಿರುತ್ತಾರೆ. 'ನಾನ್' ಅಂದರೆ ಇಲ್ಲ.

ರಕ್ತದ ಗುಂಪಿನಲ್ಲಿ ಹುಡುಕುವುದು ರೋಗವನ್ನಲ್ಲ. ಕೆಂಪು ರಕ್ತಕಣದ ಮೇಲಿರುವ ಆರ್‌ಎಚ್ ಎಂಬ ಅಂಶವನ್ನು. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಇದನ್ನು ಲೋಕಕ್ಕೆ ತಿಳಿಸಿದರು. ರೀಸಸ್ ಎಂಬ ಜಾತಿಯ ಕೋತಿಯ ರಕ್ತ ಬಳಸಿದ್ದರಿಂದ ಈ ಹೆಸರು. ನಮ್ಮ ದೇಶದಲ್ಲಿ 100 ಜನರಲ್ಲಿ ಸುಮಾರು 95 ಜನ ಪಾಸಿಟಿವ್. ನಾನೂ ಪಾಸಿಟಿವ್ವೇ.

ಅಕ್ಕನಿಗೆ ಹೋದ ಜೀವ ಬಂತು. "ಹಂಗಾದ್ರೆ ಸೊಸೆದು ಇನ್ನೂ ಒಳ್ಳೇದು ಬಿಡಿ. ಅವಳ್ದು ಓ ನೆಗೆಟಿವ್" ಅಂದರು.

ಈಗ ನಾನು ಬೆಚ್ಚಿದೆ. ಸೊಸೆ ಏಳು ತಿಂಗಳ ಬಸುರಿ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆ ಹೊತ್ತಿನಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರುತ್ತದೆ. ಇದು ನನ್ನದಲ್ಲ ಅಂತ ತಾಯಿಯ ಮೈ ಅದರ ಜೊತೆ ಹೋರಾಡಲು ಕಲಿಯುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮುಂದಿನ ಮಗು ಪಾಸಿಟಿವ್ ಆದರೆ ಅದರ ರಕ್ತಕಣಗಳು ಒಡೆಯಬಹುದು. ಮಗು ಉಳಿಯದೇ ಹೋಗಬಹುದು. ಇದನ್ನು ತಡೆಯಲು ಆಂಟಿ-ಡಿ ಎಂಬ ಇಂಜೆಕ್ಷನ್ ಇದೆ. ಏಳನೇ ತಿಂಗಳ ಸುಮಾರಿಗೆ ಒಂದು ಕೊಡುತ್ತಾರೆ. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು. ಗರ್ಭ ಇಳಿದುಹೋದಾಗಲೂ ಇದನ್ನು ಡಾಕ್ಟರ ಹತ್ತಿರ ಕೇಳಬೇಕು. ಗಂಡನೂ ನೆಗೆಟಿವ್ ಆದರೆ ಈ ತೊಂದರೆ ಇಲ್ಲ.

"ಡಾಕ್ಟ್ರಮ್ಮ ಏನೋ ಸೂಜಿ ಬರೆದಿದ್ರು. ನೆಗೆಟಿವ್ ಅಲ್ವಾ, ಯಾಕೆ ದುಡ್ಡು ದಂಡ ಅಂತ ಬಿಟ್ವಿ" ಅಂದರು ಅಕ್ಕ, ಮೆತ್ತಗೆ.

ಮಾರನೇ ದಿನ ಮೂರೂ ಮನೆಗೆ ರಜೆ ಹೇಳಿದರು. ತಾಯಿ ಕಾರ್ಡ್ ಹಿಡಿದು, ಮಗ ಸೊಸೆ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗನ ರಕ್ತವನ್ನೂ ನೋಡಿದರು. ಅವನದು ಬಿ ಪಾಸಿಟಿವ್. ಸೊಸೆಗೆ ಅವತ್ತೇ ಇಂಜೆಕ್ಷನ್ ಆಯಿತು. ಮಗು ಹುಟ್ಟಿದ ಕೂಡಲೇ ಅದರ ರಕ್ತದ ಗುಂಪು ಕೇಳಿ ಅಂತ ಡಾಕ್ಟರು ಹೇಳಿ ಕಳಿಸಿದ್ದಾರೆ.