ಕೈಗಡಿಯಾರಕ್ಕೊಂದು ತಾರೆಯ ಮುಖ

ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು ಕೊಡಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟ ಅಪ್ಪಂದಿರು ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಕಡಿಮೆಯೇನಿಲ್ಲ. ಒಂದು ಕಾಲಕ್ಕೆ ವಾಚೆಂದರೆ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಅದನ್ನು ಕೊಳ್ಳಲು ಯಾವ ನಟನ ಶಿಫಾರಸೂ ಬೇಕಿರಲಿಲ್ಲ. ಸಿಕ್ಕರೆ ಸಾಕಾಗಿತ್ತು!

1987ರಲ್ಲಿ ಪೇಟೆಗೆ ಬಂದ ಟೈಟಾನ್, ವಾಚನ್ನು ಉಡುಗೊರೆಯಾಗಿ, ಅಲಂಕಾರವಾಗಿ ಮಾರಿತು. ಟಿ.ವಿ.ಯಲ್ಲಿ ಮೊಜಾರ್ಟ್‌ನ ರಾಗ ಕೇಳಿದರೆ ಸಾಕು, ಜನ ಟೈಟಾನ್ ಎನ್ನುತ್ತಿದ್ದರು. ಸ್ವಿಸ್ ಕಂಪೆನಿ ಲಾಂಜಿನ್ಸ್ 1999ರಲ್ಲಿ ಐಶ್ವರ್ಯಾ ರೈ ಅವರನ್ನೂ, ಟ್ಯಾಗ್ ಹ್ಯೂಯರ್ 2003ರಲ್ಲಿ ಶಾರುಖ್ ಖಾನ್ ಅವರನ್ನೂ ರಾಯಭಾರಿಗಳಾಗಿ ಮಾಡಿಕೊಂಡವು. 2004ರಲ್ಲಿ ಟೈಟಾನ್‌ಗೆ ಆಮೀರ್ ಖಾನ್ ಬಂದರು. ಎಚ್‌ಎಂಟಿಯ ವಾಚು ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ತಾರೆ ಕಟ್ಟಿದ ವಾಚು ಹೆಚ್ಚು ಸರಿಯಾದ ಸಮಯ ತೋರಿಸುತ್ತದೆಯೇ? ಸಾಮಾನ್ಯ ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ತಿಂಗಳಿಗೆ ತಪ್ಪುವುದು ಸುಮಾರು 15 ಸೆಕೆಂಡು. ಲಕ್ಷಾಂತರ ರೂಪಾಯಿಯ ಸ್ವಿಸ್ ಸ್ಪ್ರಿಂಗ್ ವಾಚಿಗೆ ನಿಖರತೆಯ ಪ್ರಮಾಣಪತ್ರ ಸಿಗಬೇಕಾದರೆ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಓಡಿದರೂ ನಡೆಯುತ್ತದೆ. ಹಾಗಾದರೆ ದುಡ್ಡು ಹೋಗುವುದೆಲ್ಲಿಗೆ? ಒಂದಷ್ಟು ಕುಶಲಗಾರಿಕೆಗೆ, ಒಂದಷ್ಟು ಲೋಹಕ್ಕೆ. ಚಿನ್ನದ ಲೆಕ್ಕ ಹಟ್ಟಿ ಗಣಿಯ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಗ್ರಾಂ ಉಂಟು, ಕ್ಯಾರೆಟ್ ಉಂಟು. ಉಳಿದದ್ದು ಹೆಸರಿನ ಬೆಲೆ. ತಾರೆಯ ಸಂಭಾವನೆಯೂ ಅದರಲ್ಲೇ ಸೇರಿದೆ.

ಆ ಹೆಸರಿನ ಆಸೆಗೇ ಹುಡುಗರು ನಕಲಿ ವಾಚಿಗೆ ಕೈಹಾಕುವುದು. ಅದಕ್ಕೆ ರಸೀದಿಯೂ ಇಲ್ಲ, ಗ್ಯಾರಂಟಿ ಕಾರ್ಡೂ ಇಲ್ಲ. ಕೆಟ್ಟರೆ ಕಂಪೆನಿಯವರು ಮುಟ್ಟುವುದಿಲ್ಲ.