ಲಿಂಕ್ ಎಲ್ಲಿಗೆ ಒಯ್ಯುತ್ತದೆ?

ನಮ್ಮ ಅನೇಕ ಮಸೀದಿ, ಮದ್ರಸಗಳಿಗೆ ಈಗ ಸ್ವಂತ ವೆಬ್‌ಸೈಟ್ ಇದೆ. ನಮಾಝ್ ವೇಳಾಪಟ್ಟಿಯ ಕೆಳಗೆ ನಾಲ್ಕಾರು ‘ಉಪಯುಕ್ತ ಲಿಂಕ್’ಗಳೂ ಇರುತ್ತವೆ. ವೆಬ್‌ಸೈಟಿಗೆ ಜಾಗ ಬಾಡಿಗೆ ಕೊಡುವ ಹೋಸ್ಟಿಂಗ್ ಕಂಪೆನಿಗಳಲ್ಲಿ ಹಲವು, ಅಶ್ಲೀಲ ಚಿತ್ರ ಹಾಕುವುದನ್ನು ಮಾತ್ರವಲ್ಲ, ಅಂಥ ತಾಣಗಳಿಗೆ ಲಿಂಕ್ ಕೊಡುವುದನ್ನೂ ಕರಾರಿನಲ್ಲೇ ನಿಷೇಧಿಸಿವೆ. ವಯಸ್ಕರ ವಿಷಯಗಳಿಗೆ ಅವಕಾಶವಿದ್ದ ಗೂಗಲ್‌ನ ಬ್ಲಾಗರ್ ಕೂಡ, ಅಶ್ಲೀಲ ತಾಣಗಳ ಜಾಹೀರಾತಿನಿಂದ ಹಣ ಮಾಡುವ ಬ್ಲಾಗ್‌ಗಳನ್ನು 2013ರ ಜೂನ್ 30ರ ನಂತರ ಅಳಿಸುವುದಾಗಿ ಎಚ್ಚರಿಸಿತ್ತು.

ಮಸೀದಿಯವರು ಅಂಥ ಲಿಂಕ್ ಹಾಕುತ್ತಾರೆಯೇ ಎಂದು ನೀವು ಕೇಳಬಹುದು. ಹಾಕುವುದಿಲ್ಲ. ಆದರೆ ಹಾಕಿದ ಲಿಂಕ್ ಹಾಗೆಯೇ ಉಳಿಯುವುದಿಲ್ಲ. ವೆಬ್‌ಸೈಟಿನ ಹೆಸರು, ಅಂದರೆ ಡೊಮೇನ್, ಯಾರಿಗೂ ಶಾಶ್ವತವಲ್ಲ. ಅವಧಿ ಮುಗಿಯುವ ಮುನ್ನ ಹಣ ಕಟ್ಟಿ ನವೀಕರಿಸಬೇಕು. ಕಟ್ಟದಿದ್ದರೆ ಸ್ವಲ್ಪ ಕಾಲದ ನಂತರ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಅಶ್ಲೀಲತೆ, ಜೂಜಿನ ದಂಧೆಯವರು ಇಂಥ ಹೆಸರುಗಳನ್ನು ಹುಡುಕಿ ಕೊಳ್ಳುವುದುಂಟು. ಹಳೆಯ ಲಿಂಕ್‌ಗಳ ಮೂಲಕ ಜನ ಪುಕ್ಕಟೆಯಾಗಿ ಬರುತ್ತಾರಲ್ಲ! ಕುರ್‌ಆನ್ ಕಲಿಕೆಗೆಂದು ಹತ್ತು ವರ್ಷದ ಹಿಂದೆ ಕೊಟ್ಟ ಲಿಂಕನ್ನು ಮದ್ರಸದ ಮಗು ಇಂದು ಒತ್ತಿದರೆ ತೆರೆಯುವುದು ಬೇರೆಯದೇ ಆಗಿರಬಹುದು. ದೂರು ಹೋದರೆ ಹೋಸ್ಟಿಂಗ್ ಕಂಪೆನಿ ನೋಡುವುದು ನಿಮ್ಮ ಪುಟವನ್ನು, ಉದ್ದೇಶವನ್ನಲ್ಲ.

ತಿಂಗಳಿಗೊಮ್ಮೆ ಒಬ್ಬರು ಎಲ್ಲ ಲಿಂಕ್‌ಗಳನ್ನೂ ಒತ್ತಿ ನೋಡಲಿ. ಬೇಡವಾದದ್ದನ್ನು ಅಳಿಸಲಿ, ಹತ್ತು ನಿಮಿಷದ ಕೆಲಸ. ಜೊತೆಗೆ ನಿಮ್ಮ ಜಮಾಅತ್‌ನ ಡೊಮೇನ್ ಯಾರ ಹೆಸರಿನಲ್ಲಿದೆಯೆಂದೂ ವಿಚಾರಿಸಿ. ಅದನ್ನು ಮಾಡಿಕೊಟ್ಟ ಹುಡುಗ ಗಲ್ಫ್‌ಗೆ ಹೋಗಿದ್ದರೆ, ನವೀಕರಣದ ನೆನಪೋಲೆ ಇನ್ನೂ ಅವನ ಹಳೆಯ ಇಮೇಲ್‌ಗೇ ಹೋಗುತ್ತಿರಬಹುದು.